ಗಿಡ್ಡರಿಗೆ ಜೋಳ ಎಲ್ಲಿಂದ ಬಂತು?

ಸಂಡೂರಿನ ಗುಡ್ಡ ನೋಡುತ್ತಾ ಬೆಳೆದವನು ನಾನು. ಹಾಗಾಗಿ ನನ್ನ ಕಾದಂಬರಿಯ ಗಿಡ್ಡರು, ಅಂದರೆ ಇಂಗ್ಲಿಷ್ ಕಥೆಗಳ ಡ್ವಾರ್ಫ್‌ಗಳ ಥರದವರು, ಕೆಂಪು ಅದಿರಿನ ಗುಡ್ಡದೊಳಗೇ ಮನೆ ಮಾಡಿದರು. ಮೂರು ಅಧ್ಯಾಯ ಬರೆದು ಅಜ್ಜಿಗೆ ಓದಿ ಹೇಳಿದೆ. "ಅಲ್ಲೋ ತಮ್ಮಾ, ಕಲ್ಲಿನ್ಯಾಗ ಜೋಳ ಬೆಳೀತೈತೇನು? ಇವ್ರು ಉಣ್ಣೋದೇನು?" ಅಂದಳು.

ಲೆಕ್ಕಕ್ಕೆ ಕೂತೆ. 300 ಜನ, ತಲೆಗೆ ದಿನಕ್ಕೆ ಅರ್ಧ ಕಿಲೋ ಜೋಳ. ವರ್ಷಕ್ಕೆ ಹತ್ತಿರ ಹತ್ತಿರ 550 ಕ್ವಿಂಟಲ್! ಉಪ್ಪು, ಎಣ್ಣೆ ಬೇರೆ.

ಚಿನ್ನ ಕೊಟ್ಟು ಕೊಳ್ಳಲಿ ಅಂದುಕೊಂಡೆ. ಸರಿ ಬರಲಿಲ್ಲ. ರೈತನಿಗೆ ವರ್ಷಾ ವರ್ಷ ಚಿನ್ನ ಯಾಕೆ? ಅವನಿಗೆ ಬೇಕಾದ್ದು ನೇಗಿಲಿನ ಕುಳ, ಕುಡುಗೋಲು, ಬಂಡಿ ಗಾಲಿಯ ಪಟ್ಟಿ. ಕುಳ ಸವೆಯುತ್ತದೆ, ಮತ್ತೆ ಮತ್ತೆ ಬಡಿಸಬೇಕು. ಆಗ ಆಯ ನೆನಪಾಯಿತು. ನಮ್ಮ ಕಡೆ ಹಿಂದೆ ಕಮ್ಮಾರನಿಗೆ, ಬಡಿಗನಿಗೆ ಕೈಗೆ ದುಡ್ಡು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು. ನನ್ನ ಗಿಡ್ಡರೂ ಬಯಲಿನ ಹನ್ನೆರಡು ಊರಿಗೆ ಆಯಗಾರರಾದರು.

ಹೊತ್ತು ತರೋರು? ಲಂಬಾಣಿಗರು ಹಿಂದೆ ಎತ್ತಿನ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗುತ್ತಿದ್ದರು. ಅದನ್ನು ನೋಡಿ ಕಥೆಗೂ ಹೇರೆತ್ತಿನ ಜನರನ್ನು ತಂದೆ. ಬರುವಾಗ ಜೋಳ, ಹೋಗುವಾಗ ಕಬ್ಬಿಣ. ಖಾಲಿ ಎತ್ತು ಹೊಡೆದರೆ ಯಾರಿಗೂ ಗಿಟ್ಟಲ್ಲ, ಅಲ್ವಾ?

ಜಾಸ್ತಿ ಖುಷಿ ಕೊಟ್ಟಿದ್ದು ಹಗೇವು. ನೆಲದೊಳಗೆ ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿಡೋದು. ತೋಡೋದರಲ್ಲಿ ಗಿಡ್ಡರನ್ನು ಮೀರಿಸೋರು ಯಾರು? ಬಯಲಿನವರ ಕಾಳೂ ಗುಡ್ಡದ ಹಗೇವಿಗೇ ಬರುವ ಹಾಗೆ ಮಾಡಿದೆ. ಕಾಪಾಡಿದ್ದಕ್ಕೆ ಗಿಡ್ಡರಿಗೆ ಒಂದು ಪಾಲು. ಬರ ಬಿದ್ದ ವರ್ಷ ಕೆಳಗಿನವರೇ ಮೇಲೆ ಹತ್ತಿ ಬರುತ್ತಾರೆ. ಇಷ್ಟಾದ ಮೇಲೆ ಕಥೆಯಲ್ಲಿ ಸುಮ್ನೆ ಯುದ್ಧ ತರೋಕೆ ಮನಸ್ಸಾಗಲಿಲ್ಲ.

ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು, ಕೆಟ್ಟ ಗಾಳಿಗೆ ಉಸಿರು ಕಟ್ಟುತ್ತದೆ. ಇದೂ ಅಜ್ಜಿ ಹೇಳಿದ್ದೇ. ನಾಲ್ಕನೇ ಅಧ್ಯಾಯ ಅಲ್ಲಿಂದಲೇ ಶುರು. ಹೇರೆತ್ತಿನ ಹುಡುಗ ಅವಸರದಲ್ಲಿ ಕಾಲು ಇಳಿಬಿಡುತ್ತಾನೆ. ಗಿಡ್ಡ ಮುದುಕಿ ಅವನ ಅಂಗಿ ಹಿಡಿದು ಜಗ್ಗುತ್ತಾಳೆ. ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಬಿಡುತ್ತಾಳೆ. ಎರಡಾಳು ಆಳಕ್ಕೆ ಇಳಿಯುವಷ್ಟರಲ್ಲಿ ದೀಪ ಆರುತ್ತದೆ.

ಅಜ್ಜಿ ಪೂರ್ತಿ ಕೇಳಿದಳು. "ಜೋಳ ಆತು. ರೊಟ್ಟಿಗೆ ಹಚ್ಚಿಕೊಳ್ಳಾಕ?" ಅಂದಳು.

ಈಗ ಶೇಂಗಾದ ಲೆಕ್ಕ ನಡೆದಿದೆ.