ಲೈಬ್ರರಿ ಡೇಟಾಬೇಸ್‌ನಲ್ಲಿ ಸಂಶೋಧನಾ ಲೇಖನ ಹುಡುಕುವುದು ಹೇಗೆ?

ಪ್ರಾಜೆಕ್ಟ್ ಸಮಯ ಬಂತೆಂದರೆ ಲೈಬ್ರರಿ ಕಂಪ್ಯೂಟರ್ ಮುಂದೆ ಒಂದೇ ದೃಶ್ಯ. ಪ್ರಾಜೆಕ್ಟಿನ ಉದ್ದನೆಯ ಹೆಸರನ್ನು ಹಾಗೇ ಸರ್ಚ್ ಬಾಕ್ಸಿಗೆ ಹಾಕುತ್ತಾರೆ, ಏನೂ ಬರುವುದಿಲ್ಲ. ‘ಇದರ ಮೇಲೆ ಯಾರೂ ಕೆಲಸ ಮಾಡಿಲ್ಲ ಮೇಡಂ’ ಎಂದು ಎದ್ದು ಹೋಗುತ್ತಾರೆ. ಕೆಲಸ ಆಗಿರುತ್ತದೆ, ಹುಡುಕಿದ ರೀತಿ ತಪ್ಪಿರುತ್ತದೆ.

ಒಂದು ಪ್ರಶ್ನೆ ಇಟ್ಟುಕೊಳ್ಳೋಣ: ರಾಗಿ ತಿಂದರೆ ಸಕ್ಕರೆ ಕಾಯಿಲೆಯವರ ಬ್ಲಡ್ ಶುಗರ್ ಏನಾಗುತ್ತದೆ?

ಮೊದಲು ಹುಡುಕುವ ಜಾಗ, ಅಂದರೆ ಡೇಟಾಬೇಸ್ (ಲೇಖನಗಳ ಆನ್‌ಲೈನ್ ಸಂಗ್ರಹ) ಆರಿಸಿ. ಆರೋಗ್ಯದ ವಿಷಯಕ್ಕೆ ಪಬ್‌ಮೆಡ್, ಇದು ಉಚಿತ. ಇತಿಹಾಸ, ಸಾಹಿತ್ಯಕ್ಕೆ ಜೆಸ್ಟೋರ್. ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ.

ಇನ್ನು ಪದಗಳು. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಕೀಬೋರ್ಡ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಪ್ರಶ್ನೆಯಲ್ಲಿ ಇರುವುದು ಎರಡೇ ವಿಷಯ: ರಾಗಿ, ಬ್ಲಡ್ ಶುಗರ್. ಎರಡು ಕಾಲಂ ಹಾಕಿ, ಒಂದೊಂದಕ್ಕೂ ಇರುವ ಬೇರೆ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ರಾಗಿಯನ್ನು ಒಬ್ಬರು ‘ರಾಗಿ’ ಎಂದೇ ಬರೆದಿರುತ್ತಾರೆ, ಇನ್ನೊಬ್ಬರು ‘ಫಿಂಗರ್ ಮಿಲೆಟ್’ ಎಂದು, ಮತ್ತೊಬ್ಬರು ‘ಎಲ್ಯುಸಿನ್ ಕೊರಕಾನಾ’ ಎಂಬ ವೈಜ್ಞಾನಿಕ ಹೆಸರಿನಲ್ಲಿ. ಎರಡನೇ ಕಾಲಂನಲ್ಲಿ ಡಯಾಬಿಟಿಸ್, ಬ್ಲಡ್ ಗ್ಲೂಕೋಸ್, ಗ್ಲೈಸೆಮಿಕ್. ಈ ಕೊನೆಯ ಪದದಲ್ಲಿ ಬ್ರಿಟನ್‌ನವರು ಒಂದು ‘ಎ’ ಜಾಸ್ತಿ ಸೇರಿಸುತ್ತಾರೆ, ಅಮೆರಿಕದವರು ಬಿಡುತ್ತಾರೆ. ಎರಡೂ ಸ್ಪೆಲ್ಲಿಂಗ್ ಬರೆದುಕೊಳ್ಳಿ.

ಈಗ ಜೋಡಿಸುವುದು. ಒಂದು ಕಾಲಂನ ಪದಗಳ ನಡುವೆ ‘ಆರ್’ (OR, ಯಾವುದಾದರೂ ಒಂದು ಪದ ಇದ್ದರೆ ಸಾಕು) ಹಾಕಿ, ಇಡೀ ಕಾಲಂ ಅನ್ನು ಬ್ರಾಕೆಟ್ಟಿನಲ್ಲಿ ಕಟ್ಟಿ. ಎರಡು ಬ್ರಾಕೆಟ್‌ಗಳ ನಡುವೆ ‘ಆ್ಯಂಡ್’ (AND, ಎರಡೂ ವಿಷಯ ಇರಲೇಬೇಕು). ಇವೆರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಟೈಪ್ ಮಾಡಿ. ಫಿಂಗರ್ ಮಿಲೆಟ್‌ನಂಥ ಜೋಡಿ ಪದಕ್ಕೆ ಉದ್ಧರಣ ಚಿಹ್ನೆ ಬೇಕು. ಇಲ್ಲದಿದ್ದರೆ ಆ ಎರಡು ಪದ ಬೇರೆ ಬೇರೆ ಕಡೆ ಇರುವ ಲೇಖನಗಳೂ ಬಂದು ಸೇರುತ್ತವೆ. ಬ್ರಾಕೆಟ್ ಮರೆತರೆ ಇನ್ನೂ ಕಷ್ಟ. ಕೊನೆಯಲ್ಲಿರುವ ‘ಆರ್ ಗ್ಲೈಸೆಮಿಕ್’ ಒಂಟಿಯಾಗಿ ಉಳಿದು, ರಾಗಿಯ ಸುದ್ದಿಯೇ ಇಲ್ಲದ ಲೇಖನಗಳನ್ನೆಲ್ಲ ಎಳೆದು ತರುತ್ತದೆ. ‘ನಾಟ್’ (NOT, ಈ ಪದ ಇರುವ ಲೇಖನ ಬೇಡ) ಬಳಸಲೇಬೇಡಿ ಎನ್ನುವುದು ನನ್ನ ಸಲಹೆ. ಇಲಿಗಳ ಮೇಲಿನ ಪ್ರಯೋಗ ಬೇಡವೆಂದು ‘ನಾಟ್ ರ‍್ಯಾಟ್ಸ್’ ಎಂದು ಕೊಟ್ಟರೆ, ಮನುಷ್ಯರನ್ನೂ ಇಲಿಗಳನ್ನೂ ಸೇರಿಸಿ ಬರೆದ ಒಳ್ಳೆಯ ಲೇಖನವೂ ಹೋಗುತ್ತದೆ.

ಚಾಟ್‌ಬಾಟ್ ಹತ್ತಿರ ರೆಫರೆನ್ಸ್ ಪಟ್ಟಿ ಕೇಳುವ ಅಡ್ಡದಾರಿ ಈಗ ಜಾಸ್ತಿಯಾಗಿದೆ. ಅದು ಎಲ್ಲೂ ಇಲ್ಲದ ಲೇಖನಕ್ಕೆ ಲೇಖಕರ ಹೆಸರು, ಇಸವಿ ಎಲ್ಲ ಹಾಕಿ ಕೊಟ್ಟುಬಿಡಬಹುದು. ಬೇರೆ ಪದಗಳನ್ನು ಕೇಳಲು ಬಳಸಿ, ಲೇಖನ ಕೇಳಲು ಬೇಡ.

ಫಲಿತಾಂಶ ಜಾಸ್ತಿ ಬಂದರೆ ಇಸವಿಯ ಫಿಲ್ಟರ್ ಹಾಕಿ, ಮೊದಲು ರಿವ್ಯೂ ಲೇಖನ (ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಬರೆದದ್ದು) ಓದಿ.

ಒಂದು ಒಳ್ಳೆಯ ಲೇಖನ ಸಿಕ್ಕಿತಾ? ಪಬ್‌ಮೆಡ್‌ನಲ್ಲಿ ಅದರ ಪುಟದ ಕೆಳಗಡೆ ‘ಮೆಶ್ ಟರ್ಮ್ಸ್’ ಇದೆಯೇ ನೋಡಿ. ಅವು ಲೇಖನಕ್ಕೆ ಕೊಟ್ಟ ವಿಷಯ ಪದಗಳು. ನಿಮಗೆ ಹೊಳೆಯದ ಪದ ಅಲ್ಲಿದ್ದರೆ ಕಾಲಂಗೆ ಸೇರಿಸಿ ಮತ್ತೆ ಹುಡುಕಿ. ‘ಸಿಮಿಲರ್ ಆರ್ಟಿಕಲ್ಸ್’ (ಇಂಥದ್ದೇ ಲೇಖನಗಳು), ‘ಸೈಟೆಡ್ ಬೈ’ (ಇದನ್ನು ಉಲ್ಲೇಖಿಸಿದ ಲೇಖನಗಳು) ಎರಡನ್ನೂ ಒತ್ತಿ ನೋಡಿ.

ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. 2025ರ ಜನವರಿ 1ರಿಂದ ಜಾರಿಯಲ್ಲಿರುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ನೋಂದಾಯಿಸಿದೆಯೇ ಎಂದು ಲೈಬ್ರೇರಿಯನ್ ಅವರನ್ನು ಕೇಳಿ. ಅನ್‌ಪೇವಾಲ್ ಎಂಬ ಉಚಿತ ಎಕ್ಸ್‌ಟೆನ್ಶನ್ ಅನ್ನು ಬ್ರೌಸರ್‌ಗೆ ಹಾಕಿಕೊಂಡರೆ, ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದಾಗ ತೋರಿಸುತ್ತದೆ. ಅದೂ ಆಗದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ.

ಕಡೆಗೆ, ಬಳಸಿದ ಸರ್ಚ್ ಸಾಲು, ಡೇಟಾಬೇಸ್ ಹೆಸರು, ತಾರೀಕು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗೈಡ್ ಕೇಳಿಯೇ ಕೇಳುತ್ತಾರೆ.