ಕೈಗಾರಿಕೆಗೆ ಜಮೀನು ಕೇಳಿ ನೋಟಿಸ್ ಬಂದಾಗ

ಮಲೆನಾಡಿಗೆ ಕಾರ್ಖಾನೆಯೂ ಬೇಕು, ತೋಟವೂ ಉಳಿಯಬೇಕು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(2)ನೇ ಕಲಂ ಪ್ರಕಾರ ಭೂಸ್ವಾಧೀನದ ನೋಟಿಸ್ ಕೈಸೇರಿದ 30 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. "ಜಮೀನು ಕೊಡಲ್ಲ" ಎಂಬ ಒಂದೇ ಸಾಲು ಸಾಲದು. ಫಸಲು ಬಿಡುವ ಅಡಿಕೆ ಮರ ಎಷ್ಟು, ಎಳೆಸಸಿ ಎಷ್ಟು, ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಬಾವಿ, ಬಸಿಗಾಲುವೆ ಎಲ್ಲವನ್ನೂ ಸರ್ವೆ ನಂಬರ್‌ವಾರು ಬರೆಯಿರಿ. ಸೊಪ್ಪಿನಬೆಟ್ಟ ಹೋದರೆ ತೋಟಕ್ಕೆ ಹಸಿಸೊಪ್ಪು ಎಲ್ಲಿಂದ ತರುವುದು? ಅದನ್ನೂ ಸೇರಿಸಿ.

ಬಹಳಷ್ಟು ಜನ ಎಡವುವುದು ಪಹಣಿಯಲ್ಲಿ. ಗದ್ದೆ ತೋಟವಾಗಿ ವರ್ಷಗಳಾದರೂ ಬೆಳೆ ಕಾಲಂನಲ್ಲಿ ಭತ್ತವೇ ಉಳಿದಿರುತ್ತದೆ. ಪರಿಹಾರ ಕೇಳುವಾಗ ಅದೇ ಮುಳುವಾಗುತ್ತದೆ. ಬೆಳೆ ಸಮೀಕ್ಷೆಯಲ್ಲಿ ಮೊದಲೇ ಸರಿಪಡಿಸಿಕೊಳ್ಳಿ. ಅಧಿಕಾರಿಗಳು ಬಂದು ಜಮೀನು ಅಳೆದು ಮರ ಎಣಿಸುವ ಜಂಟಿ ಅಳತೆಯ ದಿನ ತೋಟದಲ್ಲೇ ಇರಿ, ಮರದ ಎಣಿಕೆ ಓದದೆ ಸಹಿ ಹಾಕಬೇಡಿ.