ಕಾಲರ್ ಹಿಡಿದಾಗ ಕೈ ಏಳಲಿಲ್ಲ

ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಸಿಕ್ಕಿ ಎರಡು ವರ್ಷ ಆಗಿತ್ತು. ಒಂದು ಸಂಜೆ ಚಿಕ್ಕಮಗಳೂರು ಬಸ್ ಸ್ಟ್ಯಾಂಡ್‌ನಲ್ಲಿ ಕಡೂರು ಬಸ್ಸಿಗೆ ಕಾಯುತ್ತಿದ್ದೆ. ಕುಡಿದಿದ್ದ ಒಬ್ಬ ಸೀಟಿನ ವಿಷಯಕ್ಕೆ ಜಗಳ ತೆಗೆದ. ಎಡಗೈಯಲ್ಲಿ ನನ್ನ ಕಾಲರ್ ಹಿಡಿದು ಎಳೆದ, ಬಲಗೈಯಲ್ಲಿ ಕಪಾಳಕ್ಕೆ ಮೂರು ನಾಲ್ಕು ಏಟು ಕೊಟ್ಟ. ನನ್ನ ಕೈ ಮೇಲೇಳಲೇ ಇಲ್ಲ. ಅಕ್ಕಪಕ್ಕದವರು ಬಿಡಿಸಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂಬತ್ತು ವರ್ಷ ಕಲಿತದ್ದು ಎಲ್ಲಿ ಹೋಯಿತು?

ಯೋಚಿಸಿದಾಗ ಗೊತ್ತಾಯಿತು. ಕ್ಲಾಸಿನಲ್ಲಿ ಎದುರಾಳಿ ದೂರ ನಿಂತು, ನಮಸ್ಕಾರ ಮಾಡಿ, ಒಂದೇ ಪಂಚ್ ಹೊಡೆಯುತ್ತಿದ್ದ. ನಾನು ತಡೆದು ತಿರುಗಿ ಹೊಡೆಯುವವರೆಗೂ ಆ ಕೈಯನ್ನು ಚಾಚಿಕೊಂಡೇ ನಿಲ್ಲುತ್ತಿದ್ದ. ರಸ್ತೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಮೊದಲು ಬೈತಾರೆ, ತಳ್ಳುತ್ತಾರೆ, ಬಟ್ಟೆ ಹಿಡಿಯುತ್ತಾರೆ. ಆಮೇಲೆ ಸುಮ್ನೆ ಹೊಡೀತಾ ಹೋಗುತ್ತಾರೆ. ಸ್ಪರ್ಧೆಯ ಕುಮಿಟೆಯೂ, ಅಂದರೆ ಇಬ್ಬರು ಎದುರುಬದುರಾಗಿ ಆಡುವ ಕಾದಾಟವೂ, ಇದಕ್ಕೆ ಸಾಲದು. ಟೋಕಿಯೊ ಒಲಿಂಪಿಕ್ಸ್‌ನ ಹೆವಿವೇಟ್ ಫೈನಲ್‌ನಲ್ಲಿ ಎದುರಾಳಿಯನ್ನು ಒದ್ದು ಪ್ರಜ್ಞೆ ತಪ್ಪಿಸಿದವನು ಅನರ್ಹನಾದ, ಬಿದ್ದವನಿಗೆ ಚಿನ್ನ ಬಂತು. ಕ್ರೀಡೆಗೆ ಅದು ಸರಿಯಾದ ನಿಯಮವೇ. ಆದರೆ ಅದು ಬೇರೆಯೇ ಆಟ, ಅಲ್ವಾ?

ಕರಾಟೆ ಬಿಡಬೇಕು ಅನ್ನಿಸಿತ್ತು. ನನ್ನನ್ನು ಉಳಿಸಿದ್ದು ಹೀಯಾನ್ ಶೋದಾನ್, ಮಕ್ಕಳಿಗೆ ಕಲಿಸುವ ಮೊದಲ ಕಟಾ. ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಚಲನೆಗಳ ಸರಣಿ. ಹೀಯಾನ್ ಶೋದಾನ್‌ನ ನಾಲ್ಕನೇ ಚಲನೆಯಲ್ಲಿ ಬಲಗೈಯನ್ನೂ ಬಲಗಾಲನ್ನೂ ಹಿಂದಕ್ಕೆ ಎಳೆದು, ಮುಷ್ಟಿಯನ್ನು ಸುತ್ತಿಗೆಯಂತೆ ಮೇಲಿಂದ ಇಳಿಸುತ್ತೇವೆ. ಸಾವಿರ ಸಲ ಮಾಡಿದ್ದೆ, ಯಾಕೆ ಅಂತ ಕೇಳಿರಲಿಲ್ಲ. ಯಾರಾದರೂ ಮಣಿಕಟ್ಟು ಹಿಡಿದಾಗ ಬಿಡಿಸಿಕೊಳ್ಳುವ ದಾರಿ ಅದು! ಜಪಾನಿನ ಓಕಿನಾವಾ ದ್ವೀಪದ ಕರಾಟೆ ಗುರು ಇತೊಸು ಆಂಕೊ ಸುಮಾರು 120 ವರ್ಷಗಳ ಹಿಂದೆ ಕರಾಟೆಯನ್ನು ಶಾಲೆಗಳಿಗೆ ತಂದಾಗ ಇಂಥ ಐದು ಕಟಾಗಳನ್ನು ಕಟ್ಟಿದರು. ಸಾಲಾಗಿ ನಿಂತ ಮಕ್ಕಳ ವ್ಯಾಯಾಮವಾಗಿ ಅದು ಹರಡಿತು. ಚಲನೆ ಉಳಿಯಿತು, ಹಿಡಿಯುವ ಕೈ ಮಾತ್ರ ಮರೆಯಾಯಿತು ಅನ್ನುವುದು ನನ್ನ ಅಭಿಪ್ರಾಯ.

ಹಾಗಾಗಿ ನಾನು ಕಲಿಸುವ ಕ್ಲಾಸಿನಲ್ಲಿ ಆ ಕೈಯನ್ನು ವಾಪಸ್ ತಂದೆ. ದಿನಾ ಕೊನೆಯ ಹದಿನೈದು ನಿಮಿಷ ಜೋಡಿ ಅಭ್ಯಾಸ. ಮೊದಲ ವಾರ ಬರೀ ಹಿಡಿಯುವುದು. ಎರಡನೇ ವಾರ ಹಿಡಿದು ಎಳೆಯುವುದು. ಮೂರನೇ ವಾರ ಹೆಡ್‌ಗಾರ್ಡ್, ಗ್ಲೌಸ್ ಹಾಕಿಸಿ ಇನ್ನೊಂದು ಕೈಯಲ್ಲಿ ಹೊಡೆಯುವುದು, ಸುತ್ತ ನಿಂತವರು ಜೋರಾಗಿ ಕಿರುಚುವುದು. ಬ್ರೌನ್ ಬೆಲ್ಟ್ ಹುಡುಗರೂ ಅಲ್ಲಿ ತಡಬಡಾಯಿಸಿದರು. ಬರೀ ಜಗ್ಗಿದರೆ ಕೈ ಬಿಡುವುದಿಲ್ಲ. ಒಂದು ಹೆಜ್ಜೆ ಒಳಗೆ ಹೋಗಿ, ಅವನ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಎಳೆಯಬೇಕು. ಅದು ಮೈಗೆ ಹತ್ತಲು ತಿಂಗಳುಗಳೇ ಬೇಕಾದವು. ಎತ್ತರದ ಒದೆತಗಳನ್ನು ಈ ಭಾಗದಿಂದ ತೆಗೆದೆ. ನಮ್ಮೂರ ಮಳೆಗಾಲದಲ್ಲಿ ಒದ್ದೆ ರಸ್ತೆ ಮೇಲೆ ಚಪ್ಪಲಿ ಹಾಕಿಕೊಂಡು ಒಂಟಿ ಕಾಲಲ್ಲಿ ನಿಲ್ಲುವುದು ಅಪಾಯ.

ಒಂದು ದಿನ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು, "ಸರ್, ಹಿಂದಿನಿಂದ ಜಡೆ ಹಿಡಿದ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯಲ್ಲಿ ತಂಗಿಯ ಜೊತೆ ಪ್ರಯತ್ನಿಸಿ ನೋಡಿದೆ. ಹಿಡಿದ ಕೈಯನ್ನು ಎರಡೂ ಕೈಯಿಂದ ತಲೆಗೇ ಒತ್ತಿಕೊಂಡರೆ ನೋವು ಕಡಿಮೆಯಾಗುತ್ತದೆ. ಆಮೇಲೆ ಬಗ್ಗಿ ಅವನ ಕಡೆಗೇ ತಿರುಗಬೇಕು.

ಇನ್ನೊಂದು ನಿಯಮವೂ ಸೇರಿಸಿದೆ. ಈ ಅಭ್ಯಾಸದಲ್ಲಿ ಹೊಡೆದವರು ಗೆಲ್ಲುವುದಿಲ್ಲ, ಬಿಡಿಸಿಕೊಂಡು ಓಡಿ ಬಾಗಿಲು ಮುಟ್ಟಿದವರು ಗೆಲ್ಲುತ್ತಾರೆ. ಕಳೆದ ಶನಿವಾರ ಆ ಹುಡುಗಿಯ ಜಡೆಯನ್ನು ಅವಳಿಗಿಂತ ಒಂದು ಅಡಿ ಎತ್ತರದ ಹುಡುಗ ಹಿಡಿದಿದ್ದ. ಎರಡು ಸಲ ಆಗಲಿಲ್ಲ. ಮೂರನೇ ಸಲ ಅವಳು ಬಾಗಿಲು ಮುಟ್ಟಿದಳು.